‘ಹೋದರೆ’ಯೋ ‘ಹೋದಾಗ’ವೋ: ಪೋರ್ಷೆ 996 ಮಾಲೀಕರ ವಾದ, ಒಂದು ಪ್ರಕರಣ ಅಧ್ಯಯನ

ಪೋರ್ಷೆ 911 ಅನ್ನುವ ಸ್ಪೋರ್ಟ್ಸ್ ಕಾರು ಮೊದಲ ಸಲ ಜನರ ಕಣ್ಣಿಗೆ ಬಿದ್ದದ್ದು 1963ರಲ್ಲಿ. ಆಮೇಲೆ ಅದರ ಹಲವು ತಲೆಮಾರು ಬಂದಿವೆ. ಮಾರುವ ಹೆಸರು 911 ಆಗಿಯೇ ಉಳಿದಿದೆ. ಆದರೆ ಕಂಪನಿಯ ಒಳಗೆ ಮತ್ತು ಅಭಿಮಾನಿಗಳ ಬಾಯಲ್ಲಿ ಒಂದೊಂದು ತಲೆಮಾರಿಗೂ ಒಂದೊಂದು ಸಂಖ್ಯೆ. ಅವುಗಳಲ್ಲಿ ಎಲ್ಲಕ್ಕಿಂತ ಜಾಸ್ತಿ ಬೈಸಿಕೊಂಡದ್ದು 996.

ಬೈಸಿಕೊಂಡಿತು ಅಂದ ಮಾತ್ರಕ್ಕೆ ಸೋತಿತು ಅಂತಲ್ಲ. 1997ರ ಫ್ರಾಂಕ್‌ಫರ್ಟ್ ಕಾರು ಮೇಳದಲ್ಲಿ ತೋರಿಸಿದ ಈ ಕಾರು 2005ರ ತನಕ ತಯಾರಾಯಿತು. ಸುಮಾರು 1,75,000 ಕಾರುಗಳು ಹೊರಬಂದವು. ಇದಕ್ಕಿಂತ ಹಿಂದಿನ 993 ಎಪ್ಪತ್ತು ಸಾವಿರವನ್ನೂ ಮುಟ್ಟಿರಲಿಲ್ಲ. ಮಾರಾಟದಲ್ಲಿ ಗೆದ್ದ ಕಾರು, ಆದರೆ ಕೊಂಡವರಿಗೆ ನೆಮ್ಮದಿ ಇಲ್ಲ. ಎರಡು ದಶಕಕ್ಕೂ ಹೆಚ್ಚು ಕಾಲದಿಂದ ಇದರ ಮಾಲೀಕರು ತಮ್ಮ ಕಾರಿನ ಪರವಾಗಿ ಬರೆಯುತ್ತಲೇ ಇದ್ದಾರೆ. ಆ ವಾದ ಬಿಸಿಯಾದಾಗಲೆಲ್ಲ ಅದು ಹೇಗೋ ಕಾಗುಣಿತಕ್ಕೆ, ಉಚ್ಚಾರಣೆಗೆ, ಕ್ರಿಯಾಪದಕ್ಕೆ ಬಂದು ನಿಲ್ಲುತ್ತದೆ. ಎಂಜಿನ್ ಬಗ್ಗೆ ಶುರುವಾದ ಮಾತು ವ್ಯಾಕರಣದಲ್ಲಿ ಮುಗಿಯುತ್ತದೆ.

ಹೊರಗಿನಿಂದ ನೋಡಿದರೆ ನಗು ಬರುತ್ತದೆ. ಹಣ ಇದ್ದವರಿಗೆ ಹೊತ್ತು ಹೋಗದ ಜಗಳ ಅಂತ ತಳ್ಳಿಹಾಕಬಹುದು. ನನ್ನ ಲೆಕ್ಕ ಸ್ವಲ್ಪ ಬೇರೆ. ಈ ವ್ಯಾಕರಣ ಜಗಳಗಳಲ್ಲಿ ಹೆಚ್ಚಿನವು ಕಸ. ಆದರೆ ಒಂದು ಮಾತ್ರ ಕಸ ಅಲ್ಲ, ಇಡೀ ಪ್ರಕರಣವೇ ಅದರಲ್ಲಿ ಇತ್ತು. ಅದನ್ನು ನೋಡಲು ಮೊದಲು ಕಾರಿನ ಮೇಲೆ ಬಂದ ಆರೋಪಗಳನ್ನು ನೋಡಬೇಕು.

ನೀರು, ಮೊಟ್ಟೆ, ‘ನಿಜವಾದ ಪೋರ್ಷೆ’

1990ರ ದಶಕದ ಶುರುವಿನಲ್ಲಿ ಪೋರ್ಷೆ ಮುಳುಗುವ ಹಂತದಲ್ಲಿತ್ತು. 1980ರ ದಶಕದ ನಡುವೆ ವರ್ಷಕ್ಕೆ 50,000ಕ್ಕೂ ಹೆಚ್ಚು ಕಾರು ಮಾರುತ್ತಿದ್ದ ಕಂಪನಿ 1992-93ರ ಹೊತ್ತಿಗೆ 15,000ದ ಆಸುಪಾಸಿಗೆ ಇಳಿದಿತ್ತು. ಆಗ ಚುಕ್ಕಾಣಿ ಹಿಡಿದವರು ವೆಂಡೆಲಿನ್ ವೀಡೆಕಿಂಗ್. ಟೊಯೊಟಾ ಪದ್ಧತಿಯಲ್ಲಿ ಪಳಗಿದ ಜಪಾನಿ ಸಲಹೆಗಾರರನ್ನು ಕಾರ್ಖಾನೆಗೆ ಕರೆಸಿದರು. ಖರ್ಚು ಉಳಿಸಲು ಎರಡು ಕಾರುಗಳನ್ನು ಒಟ್ಟಿಗೆ ರೂಪಿಸಿದರು. ಒಂದು ಕಡಿಮೆ ಬೆಲೆಯ ಬಾಕ್ಸ್‌ಸ್ಟರ್, ಇನ್ನೊಂದು ಹೊಸ 911, ಅಂದರೆ 996. ಎರಡಕ್ಕೂ ಬಾಗಿಲು ಒಂದೇ, ಮುಂಭಾಗವೂ ಹೆಚ್ಚುಕಡಿಮೆ ಒಂದೇ. 1996ರಲ್ಲಿ ಬಾಕ್ಸ್‌ಸ್ಟರ್ ಮೊದಲು ಬಂತು. ಮರುವರ್ಷ ಬಂದ ದುಬಾರಿ 911, ಅಗ್ಗದ ತಮ್ಮನ ಮುಖ ಹೊತ್ತುಕೊಂಡು ಬಂತು. ದೊಡ್ಡ ದುಡ್ಡು ಕೊಟ್ಟವರಿಗೆ ಹೇಗಾಗಿರಬೇಡ!

ಆ ಮುಖದಲ್ಲಿ ಕಣ್ಣಿಗೆ ಹೊಡೆಯುವುದು ಹೆಡ್‌ಲೈಟ್. 1963ರಿಂದ 911ಕ್ಕೆ ದುಂಡು ದೀಪ. ಇಲ್ಲಿ ದೀಪ, ಇಂಡಿಕೇಟರ್ ಎಲ್ಲ ಸೇರಿ ಒಂದೇ ಗಾಜಿನ ಕೆಳಗೆ ಹರಡಿಕೊಂಡಿದ್ದವು, ಕೆಳಗಡೆ ಹಳದಿ ಬಣ್ಣ. ಜರ್ಮನ್ನರು ಇದಕ್ಕೆ ‘ಕರಿದ ಮೊಟ್ಟೆ’ ಅಂತ ಹೆಸರಿಟ್ಟರು. ನಾವು ಬುಲ್ಸ್ ಐ ಅಂತೀವಲ್ಲ, ಅದೇ. ಒಂದೇ ಘಟಕವಾದ್ದರಿಂದ ಕಾರ್ಖಾನೆಯಲ್ಲಿ ಜೋಡಿಸುವುದು ಸಲೀಸು. ಕಂಪನಿಗೆ ಬೇಕಾಗಿದ್ದದ್ದು ಅದು. 2002ರ ಮಾದರಿಯ ಹೊತ್ತಿಗೆ ಪೋರ್ಷೆಯೇ ಈ ದೀಪವನ್ನು ಕೈಬಿಟ್ಟು, ಟರ್ಬೊ ಮಾದರಿಯ ದೀಪವನ್ನು ಸಾದಾ 911ಕ್ಕೂ ಕೊಟ್ಟಿತು. ಈ ವಿಷಯದಲ್ಲಿ ಮಾಲೀಕರು ಎಷ್ಟೇ ಪುಟ ಬರೆದರೂ ಪ್ರಯೋಜನವಿಲ್ಲ ಅಂತ ನನಗನ್ನಿಸುತ್ತದೆ. ರುಚಿಯ ಪ್ರಶ್ನೆಗೆ ವಾದ ಯಾಕೆ?

ಎರಡನೆಯ ಆರೋಪ ನೀರಿನದು. 993ರ ತನಕ ಪ್ರತಿ 911ರ ಎಂಜಿನ್ ಗಾಳಿಯಿಂದಲೇ ತಣ್ಣಗಾಗುತ್ತಿತ್ತು. 996ರಲ್ಲಿ ಮೊದಲ ಬಾರಿಗೆ ರೇಡಿಯೇಟರ್, ನೀರು ಬಂದವು. ಇದಕ್ಕೆ ಕಾರಣ ಇತ್ತು. ಹೊಗೆ ಮತ್ತು ಸದ್ದಿನ ನಿಯಮ ಬಿಗಿಯಾಗುತ್ತಿದ್ದವು. ಅವನ್ನು ದಾಟಿ ಶಕ್ತಿಯನ್ನೂ ಹೆಚ್ಚಿಸಬೇಕಾದರೆ ಸಿಲಿಂಡರಿಗೆ ನಾಲ್ಕು ವಾಲ್ವ್ ಬೇಕು. ನಾಲ್ಕು ವಾಲ್ವ್ ತುಂಬಿದ ಸಿಲಿಂಡರ್ ತಲೆಯನ್ನು ಬರೀ ಗಾಳಿಯಿಂದ ತಣ್ಣಗಿಡುವುದು ಕಷ್ಟ. ಸಾದಾ 993ರ 3.6 ಲೀಟರ್ ಎಂಜಿನ್ ಕೊನೆಗೆ ಕೊಟ್ಟದ್ದು 285 ಕುದುರೆ ಶಕ್ತಿ. 996 ಬರೀ 3.4 ಲೀಟರಿನಲ್ಲಿ 300 ಕೊಟ್ಟಿತು. ಆದರೂ ‘ಇದು ನಿಜವಾದ 911 ಅಲ್ಲ’ ಅನ್ನುವ ಮಾತು ನಿಲ್ಲಲಿಲ್ಲ.

ಈ ‘ನಿಜವಾದ’ ಅನ್ನುವ ಪದಕ್ಕೆ ಪೋರ್ಷೆ ಲೋಕದಲ್ಲಿ ಹಳೆಯ ಚರಿತ್ರೆ ಇದೆ. 1969ರಲ್ಲಿ ಫೋಕ್ಸ್‌ವ್ಯಾಗನ್ ಜತೆ ಸೇರಿ ಮಾಡಿದ 914 ನಿಜವಾದ ಪೋರ್ಷೆ ಅಲ್ಲ ಅಂದರು. 1976ರ ಹೊತ್ತಿಗೆ ಬಂದ 924ರಲ್ಲಿ ಎಂಜಿನ್ ಮುಂದೆ ಇತ್ತು, ಅದೂ ಆಡಿಯ ಮೂಲದ್ದು. ಅದೂ ಅಲ್ಲ ಅಂದರು. ಆಮೇಲೆ ಬಾಕ್ಸ್‌ಸ್ಟರ್ ಸರದಿ, 2002ರಲ್ಲಿ ಕಯೆನ್ ಅನ್ನುವ ಎಸ್‌ಯುವಿಯ ಸರದಿ. ತಮಾಷೆ ಏನೆಂದರೆ, 996ರ ಮಾಲೀಕರಲ್ಲೇ ಕೆಲವರು ಕಯೆನ್ ಬಂದಾಗ ಅದೇ ಮಾತು ಆಡಿದರು.

ಬೇರಿಂಗ್ ಕಥೆ

ದೀಪ, ನೀರು ಎರಡೂ ಬಿಟ್ಟುಬಿಡೋಣ. ಮೂರನೆಯ ಆರೋಪ ಗಟ್ಟಿಯಾದದ್ದು. ಅದರ ಹೆಸರು ಐಎಂಎಸ್, ಅಂದರೆ ಇಂಟರ್‌ಮೀಡಿಯೆಟ್ ಶಾಫ್ಟ್, ನಡುವಿನ ಶಾಫ್ಟ್.

996ರ ಸಾದಾ ಮಾದರಿಗಳಲ್ಲಿರುವ ಎಂ96 ಎಂಜಿನ್ನಿನ ಒಳಗೆ, ಪಿಸ್ಟನ್ನುಗಳು ತಿರುಗಿಸುವ ಮುಖ್ಯ ಶಾಫ್ಟ್ ಆದ ಕ್ರ್ಯಾಂಕ್‌ಶಾಫ್ಟಿನ ಕೆಳಗೆ, ಇನ್ನೊಂದು ಶಾಫ್ಟ್ ಇದೆ. ಕ್ರ್ಯಾಂಕ್ ತಿರುಗಿದಾಗ ಚೈನ್ ಮೂಲಕ ಈ ನಡುವಿನ ಶಾಫ್ಟ್ ತಿರುಗುತ್ತದೆ. ಇದರಿಂದ ವಾಲ್ವ್ ತೆರೆಯುವ ಎರಡೂ ಬದಿಯ ಕ್ಯಾಮ್‌ಶಾಫ್ಟುಗಳಿಗೆ ಚೈನ್ ಹೋಗುತ್ತದೆ. ವಾಲ್ವ್ ಯಾವಾಗ ತೆರೆಯಬೇಕು, ಯಾವಾಗ ಮುಚ್ಚಬೇಕು ಅನ್ನುವುದು ಈ ಸರಪಳಿಯ ಮೇಲೆ ನಿಂತಿದೆ. ಶಾಫ್ಟಿನ ಒಂದು ತುದಿ, ಫ್ಲೈವೀಲ್ ಕಡೆಯದು, ಒಂದು ಬಾಲ್ ಬೇರಿಂಗಿನ ಮೇಲೆ ಕೂತಿದೆ. ತೊಂದರೆ ಇರುವುದು ಅಲ್ಲೇ.

ಆ ಬೇರಿಂಗ್ ಎರಡೂ ಕಡೆ ಸೀಲ್ ಹಾಕಿ ಒಳಗೆ ಗ್ರೀಸ್ ತುಂಬಿದ್ದು. ಎಂಜಿನ್ನಿನ ಒಳಗೆ ಸುತ್ತ ಎಣ್ಣೆ ಹಾರುತ್ತಿರುವಾಗ ಬೇರಿಂಗಿಗೆ ಮಾತ್ರ ಅದು ತಾಗದಂತೆ ಮುಚ್ಚಿಟ್ಟಿದ್ದಾರೆ. ದಿನ ಕಳೆದಂತೆ ಸೀಲ್ ಗಟ್ಟಿಯಾಗುತ್ತದೆ. ಬಿಸಿ ಎಣ್ಣೆ ಸ್ವಲ್ಪ ಸ್ವಲ್ಪವೇ ಒಳಗೆ ಇಳಿದು ಗ್ರೀಸನ್ನು ತೊಳೆದುಬಿಡುತ್ತದೆ. ಹೊಸ ಎಣ್ಣೆ ಹರಿದು ಹೋಗಲು ದಾರಿ ಇಲ್ಲ, ಒಳಗೆ ಸಿಕ್ಕಿಕೊಂಡದ್ದು ಹಳಸುತ್ತದೆ. ಬಾಲುಗಳು ಸವೆಯುತ್ತವೆ. ಸವೆತ ಜಾಸ್ತಿಯಾದರೆ ಶಾಫ್ಟ್ ಅಲುಗಾಡುತ್ತದೆ, ಚೈನಿನ ಲೆಕ್ಕ ತಪ್ಪುತ್ತದೆ, ವಾಲ್ವ್ ಹೋಗಿ ಪಿಸ್ಟನ್ನಿಗೆ ಬಡಿಯುತ್ತದೆ. ಅಲ್ಲಿಗೆ ಎಂಜಿನ್ ಕಥೆ ಮುಗಿಯಿತು. ಎಷ್ಟೋ ಸಲ ಮುನ್ಸೂಚನೆಯೂ ಇರುವುದಿಲ್ಲ. ಎಣ್ಣೆ ಬದಲಾಯಿಸುವಾಗ ಫಿಲ್ಟರನ್ನು ಕತ್ತರಿಸಿ ಒಳಗೆ ಲೋಹದ ಪುಡಿ ಇದೆಯಾ ಅಂತ ನೋಡುವುದು ಈ ಮಾಲೀಕರ ಅಭ್ಯಾಸವಾಯಿತು.

ಎಲ್ಲ 996ಕ್ಕೂ ಒಂದೇ ಬೇರಿಂಗ್ ಅಲ್ಲ ಅನ್ನುವುದು ಮುಂದಿನ ವಾದಕ್ಕೆ ಮುಖ್ಯ. ಮೊದಲ ವರ್ಷಗಳ ಕಾರುಗಳಲ್ಲಿ ಎರಡು ಸಾಲು ಬಾಲುಗಳ ಬೇರಿಂಗ್ ಇತ್ತು. 2000ದ ಹೊತ್ತಿಗೆ ಕಂಪನಿ ಒಂದೇ ಸಾಲಿನ ಬೇರಿಂಗಿಗೆ ಬದಲಾಯಿತು. ಜಾಸ್ತಿ ಕೆಟ್ಟದ್ದು ಅದೇ. 2005ರ ನಂತರ, 996ರ ಮುಂದಿನ ತಲೆಮಾರಿನಲ್ಲಿ, ಇನ್ನೂ ದೊಡ್ಡ ಬೇರಿಂಗ್ ಬಂತು. ಅದು ಗಟ್ಟಿ, ಆದರೆ ಎಂಜಿನ್ ಬಿಚ್ಚಿ ಎರಡು ಹೋಳು ಮಾಡದೆ ಹೊರತೆಗೆಯಲು ಆಗುವುದಿಲ್ಲ. 2009ರ ಮಾದರಿಯಿಂದ ಹೊಸ ಎಂಜಿನ್ ಬಂದು ಈ ಶಾಫ್ಟೇ ಹೋಯಿತು.

ಇನ್ನೊಂದು ಕವಲೂ ಇದೆ. 996ರ ಟರ್ಬೊ, ಜಿಟಿ2, ಜಿಟಿ3 ಮಾದರಿಗಳಲ್ಲಿ ಎಂ96 ಇಲ್ಲ. ಪೋರ್ಷೆಯ ಎಂಜಿನಿಯರ್ ಹಾನ್ಸ್ ಮೆಟ್ಸ್‌ಗರ್ ಅವರ ಹೆಸರಿನಿಂದ ಕರೆಯುವ ಬೇರೆ ಎಂಜಿನ್ ಇದೆ. ಅದರ ನಂಟು 1998ರಲ್ಲಿ ಲೆ ಮಾನ್ಸ್ ಗೆದ್ದ ಜಿಟಿ1 ರೇಸ್ ಕಾರಿನ ಕಡೆಗೆ ಹೋಗುತ್ತದೆ. ಅಲ್ಲಿ ಈ ಬೇರಿಂಗ್ ರೋಗ ಇಲ್ಲ. 1999ರಲ್ಲಿ ರ‍್ಯಾಲಿ ಚಾಲಕ ವಾಲ್ಟರ್ ರೋಲ್ ಜರ್ಮನಿಯ ನ್ಯೂರ್‌ಬರ್ಗ್‌ರಿಂಗ್ ರೇಸ್ ಟ್ರ್ಯಾಕಿನ ಸುತ್ತನ್ನು 8 ನಿಮಿಷದ ಒಳಗೆ ಮುಗಿಸಿದ್ದು 996 ಜಿಟಿ3ರಲ್ಲೇ. ಹೀಗಾಗಿ ‘996’ ಅನ್ನುವ ಒಂದೇ ಸಂಖ್ಯೆಯ ಕೆಳಗೆ ಕನಿಷ್ಠ ಮೂರು ಬೇರೆ ಬೇರೆ ಹಣೆಬರಹದ ಕಾರುಗಳಿವೆ. ವಾಕ್ಯ ಕಟ್ಟುವಾಗ ಯಾರೂ ಇದನ್ನು ನೆನಪಿಡಲಿಲ್ಲ.

ಕಾಗುಣಿತದ ಹೊಡೆದಾಟ

ಈಗ ಭಾಷೆಗೆ ಬರೋಣ. ಸಣ್ಣದನ್ನು ಬೇಗ ಮುಗಿಸುತ್ತೇನೆ.

ಹೆಸರಿನದೇ ಒಂದು ಜಗಳ. ಅಮೆರಿಕದಲ್ಲಿ ಬಹಳ ಜನ ‘ಪೋರ್ಶ್’ ಅಂತ ಒಂದೇ ಪೆಟ್ಟಿಗೆ ಮುಗಿಸುತ್ತಾರೆ. ಇದು ಒಂದು ಮನೆತನದ ಹೆಸರು, ಕೊನೆಯ ಸ್ವರ ಕೇಳಿಸಬೇಕು ಅಂತ ಇನ್ನೊಂದು ಗುಂಪು. ಎರಡನೆಯವರು ಸರಿ, ಜರ್ಮನ್ನರು ಹಾಗೇ ಹೇಳುವುದು. ಕನ್ನಡದವರಿಗೆ ಈ ತಾಪತ್ರಯವೇ ಇಲ್ಲ. ನಾವು ‘ಪೋರ್ಷೆ’ ಅಂತ ಬರೆಯುತ್ತೇವೆ, ಬರೆದ ಸ್ವರವನ್ನು ನುಂಗುವ ಅಭ್ಯಾಸ ನಮ್ಮ ಲಿಪಿಗೆ ಇಲ್ಲ.

ಇನ್ನೊಂದು ಜಗಳ ಇಂಗ್ಲಿಷ್ ಕಾಗುಣಿತದ್ದು. ವಾಹನ ನಿಲ್ಲಿಸುವ ಬ್ರೇಕಿಗೂ ‘ಮುರಿ’ ಅನ್ನುವ ಬ್ರೇಕಿಗೂ ಉಚ್ಚಾರಣೆ ಒಂದೇ, ಅಕ್ಷರ ಬೇರೆ. ‘ಕಳೆದುಕೊಳ್ಳು’ ಅನ್ನುವ ಲೂಸಿಗೂ ‘ಸಡಿಲ’ ಅನ್ನುವ ಲೂಸಿಗೂ ಒಂದು ಅಕ್ಷರದ ವ್ಯತ್ಯಾಸ. ಎಂಜಿನ್ ಕಳೆದುಕೊಳ್ಳುತ್ತೀರಿ ಅಂತ ಎಚ್ಚರಿಸಲು ಹೊರಟವನು ಒಂದು ಅಕ್ಷರ ಜಾಸ್ತಿ ಹಾಕಿ ಎಂಜಿನ್ ಸಡಿಲ ಮಾಡಿಬಿಡುತ್ತಾನೆ. ಕೂಡಲೇ ಯಾರಾದರೂ ಅದನ್ನು ತಿದ್ದುತ್ತಾರೆ. ಆ ತಿದ್ದುಪಡಿಯಲ್ಲೂ ಒಂದು ತಪ್ಪು ಇರುತ್ತದೆ! ಆಸ್ಟ್ರೇಲಿಯಾದ ಸಂಪಾದಕ ಜಾನ್ ಬ್ಯಾಂಗ್ಸಂಡ್ 1992ರಲ್ಲಿ ಇದಕ್ಕೊಂದು ನಿಯಮವನ್ನೇ ಬರೆದರು. ಬೇರೆಯವರ ಬರವಣಿಗೆಯ ತಪ್ಪು ಹಿಡಿದು ಏನೇ ಬರೆದರೂ ನಿಮ್ಮ ಬರಹದಲ್ಲೂ ಒಂದು ತಪ್ಪು ನುಸುಳುತ್ತದೆ ಅನ್ನುವುದು ಅದರ ಸಾರ. ಮರ್ಫಿಯ ನಿಯಮದ ಹೆಸರನ್ನು ಬೇಕಂತಲೇ ತಪ್ಪಾಗಿ ಬರೆದು ‘ಮಫ್ರಿಯ ನಿಯಮ’ ಅಂದರು.

ಜರ್ಮನ್ ಮಾಲೀಕರಿಗೆ ಅವರದೇ ತಲೆನೋವು. 993ಗಿಂತ 996 ವೇಗ ಅನ್ನುವಾಗ ‘ಗಿಂತ’ ಅನ್ನುವುದಕ್ಕೆ ಶಿಷ್ಟ ಭಾಷೆಯಲ್ಲಿ ‘ಆಲ್ಸ್’ ಬೇಕು. ಮಾತಿನಲ್ಲಿ ಎಷ್ಟೋ ಜನ ‘ವೀ’ ಹಾಕುತ್ತಾರೆ. ಹಾಕಿದರೋ, ಕಾರಿನ ವೇಗ ಮರೆತುಹೋಗುತ್ತದೆ, ಅವರು ಓದಿದ ಶಾಲೆಯ ವಿಚಾರಣೆ ಶುರು.

ಕನ್ನಡದಲ್ಲಿ ಇದರ ಜೋಡಿ ಹುಡುಕಬೇಕಾಗಿಲ್ಲ. ‘ಹ’ಕಾರ ‘ಅ’ಕಾರ ಅದಲುಬದಲು ಮಾಡಿದವನ ಮಾತಿನಲ್ಲಿ ಎಷ್ಟೇ ಹುರುಳಿರಲಿ, ನಮ್ಮಲ್ಲಿ ಒಬ್ಬರಾದರೂ ಅದನ್ನು ಎತ್ತಿ ಆಡದೆ ಬಿಡುವುದಿಲ್ಲ. 996ರ ಚರ್ಚೆಯಲ್ಲೂ ಕೆಲಸ ಅದೇ. ಬೇರಿಂಗಿಗೆ ಉತ್ತರ ಕೊಡಲಾಗದಾಗ ಅಕ್ಷರಕ್ಕೆ ಉತ್ತರ ಕೊಡುವುದು. ಅದರಲ್ಲೂ ಬರೆದವರಲ್ಲಿ ಎಷ್ಟೋ ಜನಕ್ಕೆ ಇಂಗ್ಲಿಷ್ ಎರಡನೆಯದೋ ಮೂರನೆಯದೋ ಭಾಷೆ. ಎಂಜಿನ್ ಕೈಯಾರೆ ಬಿಚ್ಚಿ ನೋಡಿದವನ ಮಾತನ್ನು, ಬಾನೆಟ್ ಎತ್ತಿಯೂ ನೋಡದವನು ಕಾಗುಣಿತದ ಮೇಲೆ ತಳ್ಳಿಹಾಕುವುದು ನನಗೆ ಸುಮ್ನೆ ಸೊಕ್ಕು ಅನ್ನಿಸುತ್ತದೆ.

‘ಹೋಗುತ್ತದೆ’ ಅಂದರೆ ಏನು?

ಕಸ ಅಲ್ಲ ಅಂತ ಹೇಳಿದೆನಲ್ಲ, ಆ ಜಗಳ ಇದು.

996 ಬಗ್ಗೆ ಎಲ್ಲೆಡೆ ಓಡಾಡಿದ ವಾಕ್ಯ ಒಂದು: ‘ಬೇರಿಂಗ್ ಹೋದರೆ ಅನ್ನುವ ಮಾತೇ ಇಲ್ಲ, ಹೋದಾಗ ಅನ್ನಿ.’ ಇಂಗ್ಲಿಷಿನಲ್ಲಿ ‘ಇಫ್’ ತೆಗೆದು ‘ವೆನ್’ ಹಾಕುವುದು. ಕೇಳಲು ಚುರುಕಾಗಿದೆ. ಅನುಭವದ ಮಾತಿನ ಹಾಗೆ ಕಾಣುತ್ತದೆ. ಮಾಲೀಕರಲ್ಲಿ ಕೆಲವರು ಇದನ್ನು ಹಿಡಿದು ನಿಲ್ಲಿಸಿದರು. ‘ಹೋದಾಗ’ ಅಂದರೆ ಎಲ್ಲ ಕಾರಿನದೂ ಹೋಗುತ್ತದೆ ಅಂತ ಆಯಿತು, ನಿಮ್ಮ ಬಳಿ ಲೆಕ್ಕ ಇದೆಯಾ ಅಂತ ಕೇಳಿದರು. ಅವರಿಗೆ ಸಿಕ್ಕ ಉತ್ತರ, ‘ವ್ಯಾಕರಣದ ಮೇಷ್ಟ್ರು ಬಂದರು’ ಅನ್ನುವ ಗೇಲಿ.

ಆದರೆ ಮೇಷ್ಟ್ರು ಹೇಳಿದ್ದು ಸರಿಯಾಗಿತ್ತು, ಅಲ್ವಾ? ‘ಹೋದರೆ’ ಒಂದು ಸಾಧ್ಯತೆ, ‘ಹೋದಾಗ’ ಒಂದು ಖಾತ್ರಿ. ಎರಡರ ನಡುವೆ ಇರುವುದು ಸಾವಿರಾರು ಡಾಲರ್. ಒಂದು ಲಕ್ಷ ಮೈಲಿ ಓಡಿ ಇನ್ನೂ ಮೂಲ ಬೇರಿಂಗಿನಲ್ಲೇ ಇರುವ ಕಾರಿನ ಬೆಲೆಯನ್ನು ಈ ಒಂದು ಪ್ರತ್ಯಯ ಇಳಿಸಿಬಿಡುತ್ತದೆ. ಯಂತ್ರದ ಯಾವ ಬೇರಿಂಗಾದರೂ ಎಂದೋ ಒಂದು ದಿನ ಹೋಗಲೇಬೇಕು ಅನ್ನುವ ಅರ್ಥದಲ್ಲಿ ‘ಹೋದಾಗ’ ಸರಿ ಅಂತ ವಾದಿಸಬಹುದು. ಆಗ ಅದು ಎಲ್ಲ ಕಾರುಗಳ ಮಾತು, 996ರ ದೂರು ಆಗುವುದಿಲ್ಲ.

ಇನ್ನೂ ಜಾರುವ ವಾಕ್ಯ ಒಂದಿತ್ತು: ‘996ಗಳ ಬೇರಿಂಗ್ ಹೋಗುತ್ತದೆ.’ ಇಲ್ಲಿ ಎಲ್ಲ ಅಂತಲೂ ಇಲ್ಲ, ಕೆಲವು ಅಂತಲೂ ಇಲ್ಲ. ಭಾಷಾಶಾಸ್ತ್ರದವರು ಇಂಥ ವಾಕ್ಯಗಳ ಬಗ್ಗೆ ಬಹಳ ತಲೆಕೆಡಿಸಿಕೊಂಡಿದ್ದಾರೆ. ‘ಸೊಳ್ಳೆ ರೋಗ ಹರಡುತ್ತದೆ’ ಅನ್ನುವುದನ್ನೇ ನೋಡಿ. ಯಾರೂ ಇದನ್ನು ಸುಳ್ಳು ಅನ್ನುವುದಿಲ್ಲ. ಆದರೆ ನಮ್ಮನ್ನು ಕಚ್ಚುವ ಸೊಳ್ಳೆಗಳಲ್ಲಿ ರೋಗ ಹೊತ್ತಿರುವುದು ತೀರಾ ಕಡಿಮೆ. ಗಂಡು ಸೊಳ್ಳೆಯಂತೂ ಕಚ್ಚುವುದೇ ಇಲ್ಲ. ಆದರೂ ವಾಕ್ಯ ನಿಲ್ಲುತ್ತದೆ, ಯಾಕೆಂದರೆ ಅಪಾಯ ದೊಡ್ಡದು. ಅಪಾಯ ದೊಡ್ಡದಾದಷ್ಟೂ ನಾವು ಸಂಖ್ಯೆ ಕೇಳುವುದು ಕಡಿಮೆ. ಬೇರಿಂಗಿನ ವಾಕ್ಯವೂ ಹೀಗೆ ನಿಂತಿತು. ಹೇಳಿದವನು ಸುಳ್ಳು ಹೇಳಲಿಲ್ಲ. ಕೇಳಿದವನು ಮಾತ್ರ ‘ಎಲ್ಲದರದೂ ಹೋಗುತ್ತದೆ’ ಅಂತ ತೆಗೆದುಕೊಂಡು ಹೋದ.

ಕನ್ನಡದಲ್ಲಿ ಈ ಜಾರಿಕೆ ಇನ್ನೂ ಜಾಸ್ತಿ. ಶಾಲೆಯಲ್ಲಿ ಭವಿಷ್ಯತ್ ಕಾಲಕ್ಕೆ ‘ಹೋಗುವುದು’ ಅಂತ ಕಲಿತಿದ್ದರೂ ಮಾತಿನಲ್ಲಿ ‘ನಾಳೆ ಹೋಗುತ್ತೆ’ ಅಂತಲೇ ಹೇಳುತ್ತೇವೆ. ಹಾಗಾಗಿ ‘ಈ ಕಾರಿನ ಬೇರಿಂಗ್ ಹೋಗುತ್ತೆ’ ಅಂದರೆ ಹೋಗುವ ಚಾಳಿ ಇದೆ ಅಂತಲೋ, ಮುಂದೆ ಹೋಗಿಯೇ ಹೋಗುತ್ತದೆ ಅಂತಲೋ? ಎರಡೂ ಹೌದು. ಆದರೆ ಈ ಗೊಂದಲಕ್ಕೆ ಮದ್ದೂ ನಮ್ಮ ಕೈಯಲ್ಲೇ ಇದೆ. ವಿಧ್ಯರ್ಥಕ, ನಿಷೇಧಾರ್ಥಕ ಅಂತ ಬಾಯಿಪಾಠ ಮಾಡುವಾಗ ಮೂರನೆಯದು ಒಂದಿತ್ತು, ಸಂಭಾವನಾರ್ಥಕ. ಬಂದಾನು, ತಂದಾಳು, ಹೋದೀತು. ಪರೀಕ್ಷೆ ಮುಗಿದ ಮೇಲೆ ಮರೆತ ರೂಪ. ‘ಬೇರಿಂಗ್ ಹೋದೀತು’ ಅಂದಿದ್ದರೆ ಅಲ್ಲಿಗೆ ಮಾತು ಮುಗಿಯುತ್ತಿತ್ತು. ಹೋಗುತ್ತದೆ ಅಂತ ಹೇಳಿದ ಹಾಗಾಗಲಿಲ್ಲ, ಹೋಗುವುದಿಲ್ಲ ಅಂತಲೂ ಅಲ್ಲ, ಹುಷಾರು ಅಂತ ಹೇಳಿದ ಹಾಗಾಯಿತು.

ನ್ಯಾಯಾಲಯ ಕೊಟ್ಟ ಅಂಕಿ

ಜನ ವರ್ಷಗಟ್ಟಲೆ ಕ್ರಿಯಾಪದದ ಮೇಲೆ ಜಗಳವಾಡಲು ಒಂದು ಸರಳ ಕಾರಣ ಇತ್ತು. ಸಂಖ್ಯೆ ಯಾರ ಬಳಿಯೂ ಇರಲಿಲ್ಲ. ಎಷ್ಟು ಎಂಜಿನ್ ಬದಲಾಯಿಸಿಕೊಟ್ಟೆವು ಅನ್ನುವುದು ಕಂಪನಿಗೆ ಗೊತ್ತಿತ್ತು. ಹೊರಗಿನವರಿಗೆ ಸಿಕ್ಕಿದ್ದು ಬರೀ ಕಥೆಗಳು. ಎಂಜಿನ್ ಒಡೆದವನು ಜೋರಾಗಿ ಬರೆದ. ಒಡೆಯದವನು ‘ನನ್ನದು ಚೆನ್ನಾಗೇ ಇದೆ’ ಅಂತ ಅಷ್ಟೇ ಜೋರಾಗಿ ಬರೆದ. ಇಬ್ಬರೂ ಸತ್ಯವೇ ಹೇಳಿದ್ದು. ಇಬ್ಬರೂ ಇನ್ನೊಬ್ಬನನ್ನು ಸುಳ್ಳುಗಾರ ಅಂದುಕೊಂಡರು.

2011ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಫೆಡರಲ್ ನ್ಯಾಯಾಲಯದಲ್ಲಿ ಪೋರ್ಷೆಯ ಉತ್ತರ ಅಮೆರಿಕ ಕಂಪನಿಯ ಮೇಲೆ ಮಾಲೀಕರ ಪರವಾಗಿ ಸಾಮೂಹಿಕ ಮೊಕದ್ದಮೆ ಹೂಡಲಾಯಿತು. 2013ರಲ್ಲಿ ರಾಜಿ ಆಯಿತು, 2014ರ ಜನವರಿಯಲ್ಲಿ ನ್ಯಾಯಾಲಯ ಒಪ್ಪಿಗೆ ಕೊಟ್ಟಿತು. 2001ರ ಮೇ 4ರಿಂದ 2005ರ ಫೆಬ್ರವರಿ 21ರ ನಡುವೆ ತಯಾರಾದ ಬಾಕ್ಸ್‌ಸ್ಟರ್ ಮತ್ತು 911 ಕಾರುಗಳು ಇದರಲ್ಲಿ ಬಂದವು. ಅಂದರೆ ಒಂದು ಸಾಲಿನ ಬೇರಿಂಗಿನ ಕಾಲ. ಹತ್ತು ವರ್ಷ ಅಥವಾ 1,30,000 ಮೈಲಿ ದಾಟಿದ ಮೇಲೆ ಕೆಟ್ಟರೆ ಪರಿಹಾರ ಇಲ್ಲ. ಎಷ್ಟೋ ಕಾರುಗಳು ರಾಜಿ ಆಗುವಷ್ಟರಲ್ಲೇ ಆ ಗಡಿ ದಾಟಿದ್ದವು.

ಪರಿಹಾರಕ್ಕಿಂತ ದೊಡ್ಡ ಲಾಭ ಅಂಕಿಯದು. ಈ ಮೊಕದ್ದಮೆಯಿಂದ ಹೊರಬಂದದ್ದು ಅಂತ ಎಂಜಿನ್ ರಿಪೇರಿಯ ಲೋಕದಲ್ಲಿ ಎಲ್ಲರೂ ಹೇಳುವ ಲೆಕ್ಕ ಹೀಗಿದೆ. ಎರಡು ಸಾಲಿನ ಬೇರಿಂಗಿನಲ್ಲಿ ಕೆಟ್ಟದ್ದು ಶೇಕಡ ಒಂದರ ಆಸುಪಾಸು. ಒಂದು ಸಾಲಿನದರಲ್ಲಿ ಶೇಕಡ ಎಂಟರಿಂದ ಹತ್ತು.

ಈ ಎರಡು ಅಂಕಿ ಎರಡೂ ಗುಂಪಿನ ಬಾಯಿ ಮುಚ್ಚಿಸಬೇಕಿತ್ತು. ‘ಹೋದಾಗ’ ಅಂದವರು ಸೋತರು, ಹತ್ತರಲ್ಲಿ ಒಂಬತ್ತು ಕಾರಿನದು ಹೋಗಲಿಲ್ಲ. ‘ಇದೆಲ್ಲ ಪುಕಾರು’ ಅಂದವರೂ ಸೋತರು. ಹತ್ತರಲ್ಲಿ ಒಂದು ಎಂಜಿನ್ ಸಣ್ಣ ಭಾಗದ ದೆಸೆಯಿಂದ ಪೂರ್ತಿ ಹಾಳಾಗುವುದು ಇಂಥ ಬೆಲೆಯ ಕಾರಿಗೆ ನಾಚಿಕೆಗೇಡು. ಯಾವ ಲೆಕ್ಕದಲ್ಲಿ ನೋಡಿದರೂ ಅದು ಜಾಸ್ತಿಯೇ.

ಆ ಅಂಕಿ ಇಟ್ಟುಕೊಂಡು ಒಂದು ಲೆಕ್ಕ ಹಾಕೋಣ. ಎಂಜಿನ್ ಹಾಳಾದರೆ 15,000 ಡಾಲರ್ ಖರ್ಚು ಅಂತ ಇಟ್ಟುಕೊಳ್ಳಿ. ಶೇಕಡ ಒಂಬತ್ತರ ಅಪಾಯ ಅಂದರೆ ಸರಾಸರಿ 1,350 ಡಾಲರಿನ ಹೊರೆ. ಬೇರಿಂಗ್ ಇರುವುದು ಕ್ಲಚ್ ಹಿಂದೆ. ಅಲ್ಲಿಗೆ ಹೋಗಲು ಗೇರ್‌ಬಾಕ್ಸ್ ಇಳಿಸಬೇಕು. ಬೇರಿಂಗಿಗೆ ಅಂತಲೇ ಇಳಿಸಿದರೆ 2,500 ಡಾಲರ್ ಆಗುತ್ತದೆ ಅಂತಿಟ್ಟುಕೊಂಡರೆ ಲೆಕ್ಕ ಗಿಟ್ಟುವುದಿಲ್ಲ. ಆದರೆ ಕ್ಲಚ್ ಬದಲಾಯಿಸಲು ಹೇಗೂ ಇಳಿಸಿರುತ್ತಾರೆ. ಆಗ ಬೇರಿಂಗಿಗೆ ಬೀಳುವ ಹೆಚ್ಚಿನ ಖರ್ಚು ಸಾವಿರದ ಒಳಗೆ ಇದ್ದರೆ, ಮಾಡಿಸುವುದೇ ಜಾಣತನ. ಜಗಳವೆಲ್ಲ ಮುಗಿದ ಮೇಲೆ ಮಾಲೀಕರು ಬಂದು ಮುಟ್ಟಿದ ಪದ್ಧತಿಯೂ ಇದೇ. ಕ್ಲಚ್ ಜತೆ ಬೇರಿಂಗ್. ಎಣ್ಣೆಯನ್ನು ಕಂಪನಿ ಹೇಳಿದ್ದಕ್ಕಿಂತ ಬೇಗ ಬೇಗ ಬದಲಾಯಿಸುವುದು. ಕಾರನ್ನು ಶೆಡ್ಡಿನಲ್ಲಿ ಮಲಗಿಸದೆ ಓಡಿಸುವುದು.

ಸರಾಸರಿಯ ಲೆಕ್ಕ ಎಲ್ಲರಿಗೂ ಹೊಂದುವುದಿಲ್ಲ ಅನ್ನುವುದೂ ನಿಜ. 996 ಒಂದು ಕಾಲಕ್ಕೆ ಅಮೆರಿಕದಲ್ಲಿ 20,000 ಡಾಲರಿನ ಒಳಗೆ ಸಿಗುತ್ತಿದ್ದ 911. ಅದನ್ನು ಕೊಂಡವರಲ್ಲಿ ಹೊಸ 911 ಕೊಳ್ಳುವ ಶಕ್ತಿ ಇಲ್ಲದವರು ಜಾಸ್ತಿ. ಉಳಿತಾಯ ಬಳಿದು ಕನಸಿನ ಕಾರು ಕೊಂಡವನಿಗೆ 15,000 ಡಾಲರಿನ ಏಟು ಬಿದ್ದರೆ ಕಾರಿನ ಬೆಲೆಯ ಮುಕ್ಕಾಲು ಪಾಲು ಹೋದ ಹಾಗೆ. ಅವನು ‘ಹೋದಾಗ’ ಅಂತ ಹೆದರಿ ಮಾತಾಡಿದರೆ ನಾನು ತಪ್ಪು ಹಿಡಿಯಲಾರೆ. ಇನ್ನೊಂದು ಗಮನಿಸಬೇಕು. ಇಪ್ಪತ್ತು ವರ್ಷ ಓಡಿ ಉಳಿದ ಕಾರಿಗೆ ಮುಂದಿನ ಅಪಾಯ ಹೊಸ ಕಾರಿನಷ್ಟೇ ಅಂತ ಹೇಳಲಾಗದು. ಬಲಹೀನ ಬೇರಿಂಗುಗಳು ಎಷ್ಟೋ ಮುಂಚೆಯೇ ಹೋಗಿವೆ, ಉಳಿದವುಗಳ ಸೀಲಿಗೆ ವಯಸ್ಸಾಗಿದೆ. ಎರಡೂ ಬೇರೆ ಬೇರೆ ಕಡೆಗೆ ಎಳೆಯುತ್ತವೆ.

ಯಾರು ಯಾವ ರೂಪ ಬಳಸಿದರು

ಈ ವಾದವನ್ನು ಓದುವಾಗ ಕ್ರಿಯಾಪದ ನೋಡಿಯೇ ಬರೆದವನ ಲಾಭ ಎಲ್ಲಿದೆ ಅಂತ ಹೇಳಬಹುದು. ಕಾರು ಮಾರುವವನು ‘ಹೋಗಲ್ಲ’ ಅನ್ನುತ್ತಾನೆ. ಬೇರಿಂಗ್ ಮಾರುವವನು ‘ಹೋಗುತ್ತೆ’ ಅನ್ನುತ್ತಾನೆ. ಚೌಕಾಸಿ ಮಾಡುವವನು ಮುಖ ಸಪ್ಪೆ ಮಾಡಿ ‘ಹೋಗಿಬಿಟ್ರೆ ಏನ್ ಮಾಡ್ಲಿ’ ಅನ್ನುತ್ತಾನೆ. ಮಾಲೀಕರು ತಮ್ಮ ಕಾರನ್ನು ಸಮರ್ಥಿಸಿದ್ದು ಪ್ರೀತಿಯಿಂದ ಅನ್ನುವುದು ಅರ್ಧ ನಿಜ. ಇನ್ನರ್ಧ ಮರುಮಾರಾಟದ ಬೆಲೆ. ಅದರಲ್ಲಿ ತಪ್ಪೇನೂ ಇಲ್ಲ. ಸೈಟು ಕೊಂಡವನು ಆ ಬಡಾವಣೆಗೆ ನೀರು ಬರಲ್ಲ ಅಂತ ಊರಿಗೆಲ್ಲ ಹೇಳಿಕೊಂಡು ತಿರುಗುವುದಿಲ್ಲ.

ಒಂದು ಅಡ್ಡ ಪರಿಣಾಮ ಮಾತ್ರ ಕೆಟ್ಟದ್ದು. ಎಲ್ಲರೂ ಐಎಂಎಸ್ ಅನ್ನುವ ಮೂರಕ್ಷರಕ್ಕೆ ಅಂಟಿಕೊಂಡದ್ದರಿಂದ ಅದೇ ಎಂಜಿನ್ನಿನ ಬೇರೆ ರೋಗಗಳು ಹಿಂದೆ ಸರಿದವು. ಸಿಲಿಂಡರಿನ ಗೋಡೆಯಲ್ಲಿ ಗೀರು ಬೀಳುವುದು ಅವುಗಳಲ್ಲಿ ಒಂದು. ಬೇರಿಂಗನ್ನಾದರೂ ಗೇರ್‌ಬಾಕ್ಸ್ ಇಳಿಸಿ ಬದಲಾಯಿಸಬಹುದು. ಗೀರು ಬಿದ್ದರೆ ಎಂಜಿನ್ ಪೂರ್ತಿ ಬಿಚ್ಚಬೇಕು. ಹಳೆಯ 996 ನೋಡಲು ಹೋಗುವವರು ಬೇರಿಂಗಿನ ಬಗ್ಗೆ ಹತ್ತು ಪ್ರಶ್ನೆ ಕೇಳಿ, ಸಿಲಿಂಡರಿನ ಒಳಗೆ ಕ್ಯಾಮೆರಾ ಇಳಿಸಿ ನೋಡುವುದನ್ನು ಮರೆಯುತ್ತಾರೆ. ಕ್ಯಾಲಿಫೋರ್ನಿಯಾದಲ್ಲಿ ಕೆಲಸಕ್ಕಿದ್ದು ವಾರಾಂತ್ಯಕ್ಕೊಂದು ಹಳೇ 911 ಬೇಕು ಅನ್ನುವ ನಮ್ಮವರು ಇದನ್ನು ಮೊದಲು ಮಾಡಿಸಲಿ.

ಈಗ ಗಾಳಿ ತಿರುಗಿದೆ. ಗಾಳಿಯಿಂದ ತಣ್ಣಗಾಗುವ ಹಳೆಯ 911ಗಳ ಬೆಲೆ ಕೈಗೆ ಸಿಗದಷ್ಟು ಏರಿದ ಮೇಲೆ ಜನ 996 ಕಡೆ ನೋಡತೊಡಗಿದರು, ಇದರ ಬೆಲೆಯೂ ಏರಿತು. ಕರಿದ ಮೊಟ್ಟೆಯ ದೀಪವನ್ನು ಚಂದ ಅನ್ನುವವರೂ ಹುಟ್ಟಿಕೊಂಡಿದ್ದಾರೆ. 2022ರಲ್ಲಿ ಪೋರ್ಷೆ ಕಂಪನಿಯೇ, ಅಮೆರಿಕದ ಪೋರ್ಷೆ ಕ್ಲಬ್ಬಿನ ಜತೆ ಸೇರಿ, ಹಳೆಯ 996 ಒಂದನ್ನು ತೆಗೆದುಕೊಂಡು ಹೊಸದಾಗಿ ಕಟ್ಟಿ ‘ಕ್ಲಾಸಿಕ್ ಕ್ಲಬ್ ಕೂಪೆ’ ಅನ್ನುವ ಒಂದೇ ಒಂದು ಕಾರು ಮಾಡಿತು. ಮಾಲೀಕರಿಗೆ ಇದಕ್ಕಿಂತ ದೊಡ್ಡ ಸಮರ್ಥನೆ ಬೇಕಿರಲಿಲ್ಲ. ಒಂದು ವಿವರವನ್ನು ಮಾತ್ರ ಅವರು ಮೆಲ್ಲಗೆ ದಾಟಿಬಿಡುತ್ತಾರೆ. ಆ ಕಾರಿಗೆ ಕಂಪನಿ ಹಾಕಿದ್ದು ಸಾದಾ ಎಂ96 ಎಂಜಿನ್ ಅಲ್ಲ, ಜಿಟಿ3ರ ಮೆಟ್ಸ್‌ಗರ್ ಎಂಜಿನ್. ಬೇರಿಂಗ್ ರೋಗ ಇಲ್ಲದ್ದು.

ಇನ್ನು ಮಾರಾಟದ ಜಾಹೀರಾತುಗಳಲ್ಲಿ ಕ್ರಿಯಾಪದದ ಜಗಳ ಭೂತಕಾಲಕ್ಕೆ ಬಂದಿದೆ. ‘ಐಎಂಎಸ್ ಆಗಿದೆ’ ಅಂತ ಎರಡು ಪದ ಬರೆದು ಬೆಲೆ ಏರಿಸುತ್ತಾರೆ. ಯಾರು ಮಾಡಿದ್ದು, ಯಾವಾಗ, ಯಾವ ಬೇರಿಂಗ್ ಹಾಕಿದ್ದು ಅಂತ ಅದರಲ್ಲಿ ಇರುವುದಿಲ್ಲ. ಕರ್ತೃಪದವೇ ಇಲ್ಲದ ವಾಕ್ಯ. ಬದಲಿಯಾಗಿ ಸಿಗುವುದರಲ್ಲೂ ಬಗೆಗಳಿವೆ. ಸೆರಾಮಿಕ್ ಬಾಲುಗಳ ಬೇರಿಂಗ್ ಹಾಕಿಸಿದ್ದರೆ ಅದಕ್ಕೂ ಒಂದು ಅವಧಿ ಇದೆ, ಅದು ಮುಗಿದ ಮೇಲೆ ಮತ್ತೆ ಬದಲಾಯಿಸಬೇಕು. ಬಾಲುಗಳೇ ಇಲ್ಲದೆ, ಎಂಜಿನ್ ಎಣ್ಣೆಯನ್ನೇ ಒತ್ತಡದಲ್ಲಿ ಹಾಯಿಸಿ, ಆ ಎಣ್ಣೆಯ ಪದರದ ಮೇಲೆ ಶಾಫ್ಟ್ ತಿರುಗುವ ಬಗೆಯದು ಹಾಕಿಸಿದ್ದರೆ ಮಾತ್ರ ಮತ್ತೆ ಅದಕ್ಕೆ ಅಂತ ಗೇರ್‌ಬಾಕ್ಸ್ ಇಳಿಸುವ ಯೋಚನೆ ಇಲ್ಲ. ಹಾಗಾಗಿ ಬಿಲ್ ಕೇಳಿ. ಬಿಲ್ಲಿನಲ್ಲಿ ಗ್ಯಾರೇಜಿನ ಹೆಸರು, ತಾರೀಕು, ಆಗ ಎಷ್ಟು ಮೈಲಿ ಓಡಿತ್ತು, ಬೇರಿಂಗಿನ ಭಾಗದ ಸಂಖ್ಯೆ ನಾಲ್ಕೂ ಇರಬೇಕು.